ಹದಿನೈದನೇ ಬೋರ್ಡಿನ ಅರ್ಧ ಅಂಕ

ಆ ಡ್ರಾ ನಾನು ಒಪ್ಪಬಾರದಿತ್ತು. ಆರು ವರ್ಷ ಆಯಿತು. ಈಗಲೂ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, ನಿದ್ದೆ ಹತ್ತದ ರಾತ್ರಿಗಳಲ್ಲಿ ಆ ಚೆಸ್ ಬೋರ್ಡ್ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನನ್ನ ಆನೆ ಏಳನೇ ಸಾಲಿನಲ್ಲಿದೆ. ಎದುರಿನವರ ರಾಜ ಅಂಚಿಗೆ ಒತ್ತಿಕೊಂಡಿದೆ. ನನಗೆ ಒಂದು ಕಾಲಾಳು ಜಾಸ್ತಿ ಇದೆ. ಗಡಿಯಾರದಲ್ಲಿ ಆರು ನಿಮಿಷ ಉಳಿದಿದೆ. ಎದುರಿಗೆ ಕೂತ ಹಿರಿಯರು ಕನ್ನಡಕ ತೆಗೆದು ಒರೆಸಿ, ಮೆಲ್ಲಗೆ ‘ಡ್ರಾ?’ ಅಂತ ಕೇಳುತ್ತಾರೆ. ನಾನು ಕೈ ಚಾಚುತ್ತೇನೆ.

ಅದು ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿನ ಚರ್ಚ್ ಹಾಲ್. ಫೆಬ್ರವರಿಯ ಶನಿವಾರ. ಕೆಲಸದ ಮೇಲೆ ಯಾರ್ಕ್‌ಷೈರ್‌ಗೆ ಹೋಗಿ ಎರಡನೇ ಚಳಿಗಾಲ. ಕೌಂಟಿ ಅಂದರೆ ನಮಗೆ ಕ್ರಿಕೆಟ್ ತಾನೇ? ಕುಂಬ್ಳೆಯ ನಾರ್ಥಾಂಪ್ಟನ್‌ಷೈರ್, ದ್ರಾವಿಡ್ ಆಡಿದ ಕೆಂಟ್. ಚೆಸ್‌ಗೂ ಕೌಂಟಿ ತಂಡ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ಹದಿನಾರು ಜನರ ತಂಡ. ಬಲದ ಪ್ರಕಾರ ಒಂದರಿಂದ ಹದಿನಾರರವರೆಗೆ ಸಾಲಾಗಿ ಕೂರುತ್ತಾರೆ. ಯಾರಿಗೋ ಜ್ವರ ಬಂದಿದ್ದಕ್ಕೆ ನನ್ನನ್ನು ಕರೆದಿದ್ದರು. ಹದಿನೈದನೇ ಬೋರ್ಡ್.

ನಾನು ಕೈ ಕುಲುಕಿ ಎದ್ದು ಟೀ ಕುಡಿಯಲು ಹೋದೆ. ಒಂದು ಗಂಟೆ ಕಳೆದ ಮೇಲೆ ಕೊನೆಯ ಆಟ ಮುಗಿಯಿತು. ಕ್ಯಾಪ್ಟನ್ ಹಾಳೆಯಲ್ಲಿ ಕೂಡಿಸಿದರು, ಗೆದ್ದ ಬೋರ್ಡಿಗೆ ಒಂದು, ಡ್ರಾ ಆದದ್ದಕ್ಕೆ ಅರ್ಧ. ಏಳೂವರೆ, ಎಂಟೂವರೆ. ನಾವು ಸೋತಿದ್ದೆವು. ನನ್ನ ಅರ್ಧ ಅಂಕ ಪೂರ್ತಿ ಆಗಿದ್ದರೆ ಎಂಟು, ಎಂಟು. ಎದೆ ಧಸಕ್ಕೆಂದಿತು. ಡ್ರಾ ಒಪ್ಪುವ ಮುಂಚೆ ಕ್ಯಾಪ್ಟನ್ನನ್ನು ಒಂದು ಮಾತು ಕೇಳಬಹುದಿತ್ತು. ತಂಡದ ಪಂದ್ಯದಲ್ಲಿ ಅದಕ್ಕೆ ಅವಕಾಶ ಇದೆ. ಅವರು ಆಟದ ಬಗ್ಗೆ ಏನೂ ಹೇಳುವ ಹಾಗಿಲ್ಲ, ಆದರೆ ‘ಮುಂದುವರಿಸು’ ಅನ್ನಬಹುದು. ನಾನು ತಲೆ ಎತ್ತಿ ನೋಡಿರಲೇ ಇಲ್ಲ. ಉಳಿದ ಹದಿನೈದು ಬೋರ್ಡುಗಳು ಅಲ್ಲಿ ಇವೆ ಅನ್ನುವುದೇ ನನಗೆ ಮರೆತುಹೋಗಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಕ್ಷಮೆ ಕೇಳಿದೆ. ಕ್ಯಾಪ್ಟನ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಳೆ ಹನಿಯುತ್ತಿತ್ತು. ಆಮೇಲೆ ಹೇಳಿದರು: ‘ಒಂದನೇ ಬೋರ್ಡಿನಲ್ಲೂ ನಮ್ಮವನು ಡ್ರಾ ಮಾಡಿದ. ಅವನ ಅರ್ಧವೂ ನಿನ್ನ ಅರ್ಧವೂ ಒಂದೇ ಅಳತೆ.’ ಸಮಾಧಾನಕ್ಕೆ ಹೇಳಿದರೋ, ಬುದ್ಧಿ ಹೇಳಿದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಬೀರುವಿನ ಪುಸ್ತಕ

ನಮ್ಮ ಕ್ಲಬ್ಬಿನ ಕಾರ್ಯದರ್ಶಿಗೆ ಆಗ ಎಂಬತ್ತರ ಹತ್ತಿರ. ಒಂದು ಸಂಜೆ ಬೀರು ತೆಗೆದು ಒಂದು ದಪ್ಪ ರಿಜಿಸ್ಟರ್ ಪುಸ್ತಕ ನನ್ನ ಕೈಗಿಟ್ಟರು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳದ್ದು. ಬೆನ್ನಿನ ಬಟ್ಟೆ ಕಿತ್ತು ದಾರ ಕಾಣುತ್ತಿತ್ತು. ಒಳಗೆ ಪುಟಕ್ಕೊಂದು ಪಂದ್ಯ. ಎಡಗಡೆ ನಮ್ಮವರು, ಬಲಗಡೆ ಅವರು, ನಡುವೆ ಸೊನ್ನೆ, ಒಂದು, ಅರ್ಧ. ಹೆಸರುಗಳೆಲ್ಲ ನೀಲಿ ಶಾಯಿಯಲ್ಲಿ, ಶಾಲೆಯಲ್ಲಿ ಕಾಪಿ ಬರೆದ ಹಾಗೆ ಒಂದೇ ಸಮ. ಆದರೆ ಅಲ್ಲಲ್ಲಿ ಫಲಿತಾಂಶದ ಜಾಗದಲ್ಲಿ ಪೆನ್ಸಿಲಿನಿಂದ ‘ಅಡ್ಜ್’ ಅಂತ ಬರೆದಿತ್ತು. ಅದರ ಮೇಲೆ ಆಮೇಲೆ ಯಾವಾಗಲೋ ಬೇರೆ ಶಾಯಿಯಲ್ಲಿ ಅಂಕ ತುಂಬಿದ್ದರು. ಒಂದು ಪುಟದಲ್ಲಿ ಮಾತ್ರ ತುಂಬಿರಲಿಲ್ಲ. ಪೆನ್ಸಿಲಿನ ಆ ‘ಅಡ್ಜ್’ ಹಾಗೇ ಉಳಿದಿತ್ತು. ಕೆಳಗಿನ ಬೋರ್ಡು. ಆ ಹೆಸರಿನವರು ಯಾರು, ಏನು ಮಾಡುತ್ತಿದ್ದರು ಅಂತ ಕಾರ್ಯದರ್ಶಿಗೂ ಗೊತ್ತಿರಲಿಲ್ಲ.

ನಾನು ಆ ಪುಸ್ತಕ ಓದಲು ಕೂತಿದ್ದು ಅಲ್ಲಿಂದ. ಮೊದಲು ಆ ಪುಸ್ತಕ. ಆಮೇಲೆ ಅದರಲ್ಲಿದ್ದವರ ಬಗ್ಗೆ ಸಿಕ್ಕಿದ್ದೆಲ್ಲ.

ಅದೇ ಬೀರುವಿನಲ್ಲಿ ಒಂದು ಹಳೇ ಗಡಿಯಾರವೂ ಇತ್ತು. ಒಂದು ಅಡ್ಡಪಟ್ಟಿಯ ಎರಡು ತುದಿಗೆ ಎರಡು ಗಡಿಯಾರ, ತಕ್ಕಡಿಯ ಹಾಗೆ. ನಿಮ್ಮ ನಡೆ ಮುಗಿದ ಕೂಡಲೇ ನಿಮ್ಮ ಕಡೆಯದನ್ನು ಒತ್ತಬೇಕು. ಅದು ವಾಲಿ ನಿಲ್ಲುತ್ತದೆ, ಎದುರಿನದು ಎದ್ದು ಓಡುತ್ತದೆ. ಬ್ರಾಡ್‌ಫರ್ಡ್‌ನ ಫ್ಯಾಟೊರಿನಿ ಅನ್ನುವ ಕಂಪನಿ 1880ರ ದಶಕದಲ್ಲಿ ಇಂಥವನ್ನು ಮಾಡುತ್ತಿತ್ತು. ನಾನು ಬೆರಳಿನಿಂದ ಒತ್ತಿ ನೋಡಿದೆ. ಟಿಕ್ ಅನ್ನಲಿಲ್ಲ, ಆದರೆ ವಾಲಿತು.

ಶನಿವಾರ ಮಧ್ಯಾಹ್ನ

ಕೌಂಟಿ ಚೆಸ್ ಹುಟ್ಟಿದ್ದು ರೈಲಿನಿಂದ ಮತ್ತು ಶನಿವಾರದ ಅರ್ಧ ರಜೆಯಿಂದ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. 1850ರ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರ, ಹುಡುಗರ ಕೆಲಸವನ್ನು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಿತು. ನಿಧಾನವಾಗಿ ಆಫೀಸು, ಬ್ಯಾಂಕುಗಳಿಗೂ ಅರ್ಧ ದಿನ ಬಂತು. ಫುಟ್‌ಬಾಲ್ ಬೆಳೆದಿದ್ದು ಅದೇ ಮಧ್ಯಾಹ್ನದಲ್ಲಿ. ಚೆಸ್ ಕೂಡ ಅಲ್ಲೇ ತನ್ನ ಜಾಗ ಹಿಡಿಯಿತು. ದಕ್ಷಿಣದ ಕೌಂಟಿಗಳು 1892ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡವು. ಉತ್ತರದವರು 1899ರಲ್ಲಿ. 1904ರಲ್ಲಿ ಇಡೀ ಬ್ರಿಟನ್ನಿನ ಫೆಡರೇಶನ್ ಬಂತು. ಒಂದೊಂದು ಪ್ರದೇಶದಲ್ಲಿ ಗೆದ್ದ ಕೌಂಟಿಗಳು ಒಂದಕ್ಕೊಂದು ಎದುರಾಗಿ ಇಂಗ್ಲೆಂಡಿನ ಚಾಂಪಿಯನ್ ಕೌಂಟಿ ತೀರ್ಮಾನವಾಗುವ ಪದ್ಧತಿ ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಶುರುವಾಗಿತ್ತು. ಯುದ್ಧ ಎಲ್ಲವನ್ನೂ ನಿಲ್ಲಿಸಿತು. ರಾಷ್ಟ್ರೀಯ ಚಾಂಪಿಯನ್‌ಶಿಪ್ ಮತ್ತೆ ನಡೆದಿದ್ದು 1920ರಲ್ಲಿ, ಎಡಿನ್‌ಬರೋದಲ್ಲಿ. ಕೌಂಟಿಗಳೂ ಉಳಿದವರನ್ನು ಸೇರಿಸಿಕೊಂಡು ಮತ್ತೆ ಬೋರ್ಡ್ ಹಾಸಿದವು.

ಉಳಿದವರನ್ನು ಅಂತ ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಹದಿನಾರೋ ಇಪ್ಪತ್ತೋ ಹೆಸರು ಸಾಲಾಗಿ ಬರೆಯುವವನಿಗೆ ಯಾರು ಇಲ್ಲ ಅನ್ನುವುದು ಎಲ್ಲರಿಗಿಂತ ಮೊದಲು ಕಾಣುತ್ತದೆ ಅಲ್ವಾ? ಆ ದಿನಗಳ ಕ್ಯಾಪ್ಟನ್ನನ ಕೆಲಸ ನೆನೆಸಿಕೊಳ್ಳಿ. ಮನೆಗೆ ಫೋನ್ ಇದ್ದವರು ಕಡಿಮೆ. ಒಬ್ಬೊಬ್ಬರಿಗೂ ಕಾರ್ಡ್ ಬರೆಯಬೇಕು. ಇಂಥ ಶನಿವಾರ, ಇಂಥ ಸ್ಟೇಷನ್, ಇಂಥ ರೈಲು, ಬರುತ್ತೀರಾ? ಬರಲ್ಲ ಅಂತ ಉತ್ತರ ಬಂದರೆ ಇನ್ನೊಬ್ಬರಿಗೆ ಇನ್ನೊಂದು ಕಾರ್ಡ್. ಎರಡೂ ಕಡೆಯವರು ನಡುದಾರಿಯಲ್ಲಿ ಸೇರುವ ರೂಢಿಯೂ ಇತ್ತು. ದಕ್ಷಿಣದಲ್ಲಿ ರೈಲೆಲ್ಲ ಲಂಡನ್ನಿಗೇ ಓಡುವುದರಿಂದ ಸಸೆಕ್ಸ್‌ನವರಿಗೂ ಎಸೆಕ್ಸ್‌ನವರಿಗೂ ಲಂಡನ್ನೇ ನಡುದಾರಿ. ಬೆಳಗ್ಗೆ ಆಫೀಸಿನಲ್ಲಿ ಲೆಕ್ಕ ಬರೆದು, ರೈಲಿನಲ್ಲಿ ಬ್ರೆಡ್ ತಿಂದು, ಮಧ್ಯಾಹ್ನ ಬೋರ್ಡಿಗೆ ಕೂತು, ರಾತ್ರಿ ರೈಲಿಗೆ ವಾಪಸ್. ದುಡ್ಡಿನ ಮಾತೇ ಇಲ್ಲ. ಇಂಥವರೇ ಆ ತಂಡಗಳ ಕೆಳಗಿನ ಅರ್ಧವನ್ನು ತುಂಬುತ್ತಿದ್ದರು.

ಅದೇ ಪಟ್ಟಿಯ ಮೇಲಿನ ಹೆಸರುಗಳು

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಒಂದೇ ಹಾಳೆಯಲ್ಲಿ ಇದ್ದದ್ದು. ಯಾರ್ಕ್‌ಷೈರ್‌ನ ಫ್ರೆಡ್ ಯೇಟ್ಸ್ ಅವರನ್ನೇ ನೋಡಿ. ಲೆಕ್ಕಪತ್ರದ ಕೆಲಸ ಬಿಟ್ಟು ಚೆಸ್‌ಗೆ ಬಂದವರು. ಆರು ಸಲ ಬ್ರಿಟಿಷ್ ಚಾಂಪಿಯನ್. 1922ರಲ್ಲಿ ಹೇಸ್ಟಿಂಗ್ಸ್‌ನಲ್ಲಿ, ಮರುವರ್ಷ ಕಾರ್ಲ್ಸ್‌ಬಾಡ್‌ನಲ್ಲಿ ಅಲೆಖಿನ್‌ರನ್ನು ಸೋಲಿಸಿದವರು. ಆ ಅಲೆಖಿನ್ 1927ರಲ್ಲಿ ವಿಶ್ವ ಚಾಂಪಿಯನ್ ಆದರು. ಅಂಥ ಯೇಟ್ಸ್ ತಮ್ಮ ಕೌಂಟಿಗೆ ಆಡಿದರೆ ಸಿಗುತ್ತಿದ್ದದ್ದು ಒಂದೇ ಅಂಕ. ಅದೇ ತಂಡದ ಕೊನೆಯಲ್ಲಿ ಕೂತ, ಯಾರೂ ಹೆಸರು ಕೇಳದ ಒಬ್ಬ ಗುಮಾಸ್ತ ಗೆದ್ದರೂ ಒಂದೇ ಅಂಕ.

ಯೇಟ್ಸ್ ಬದುಕು ಕಷ್ಟದ್ದು. ಮ್ಯಾಂಚೆಸ್ಟರ್ ಗಾರ್ಡಿಯನ್‌ಗೆ ಚೆಸ್ ಅಂಕಣ ಬರೆಯುತ್ತಿದ್ದರು. ಆಟದಿಂದ, ಬರಹದಿಂದ ಬಂದಷ್ಟರಲ್ಲಿ ದಿನ ದೂಡುತ್ತಿದ್ದರು. 1932ರ ನವೆಂಬರಿನಲ್ಲಿ ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಗ್ಯಾಸ್ ಸೋರಿ ನಿದ್ದೆಯಲ್ಲೇ ಹೋಗಿಬಿಟ್ಟರು. ಇನ್ನೂ ಐವತ್ತು ತುಂಬಿರಲಿಲ್ಲ. ಅವರ ಆಟಗಳನ್ನು ಬೋರ್ಡಿನ ಮೇಲೆ ಇಟ್ಟು ನೋಡುವಾಗ ನನಗೆ ಆ ಕೋಣೆಯೇ ನೆನಪಾಗುತ್ತದೆ.

ಹಡರ್ಸ್‌ಫೀಲ್ಡ್‌ನಲ್ಲಿ ಶಾಲೆ ನಡೆಸುತ್ತಿದ್ದ ಅಟ್ಕಿನ್ಸ್ ಇನ್ನೊಬ್ಬರು. ಒಂಬತ್ತು ಸಲ ಬ್ರಿಟಿಷ್ ಚಾಂಪಿಯನ್, ಆದರೆ ದೊಡ್ಡ ಟೂರ್ನಿ ಆಡುತ್ತಿದ್ದದ್ದು ರಜೆ ಇದ್ದರೆ ಮಾತ್ರ. ಮೇಷ್ಟರಿಗೆ ಶಾಲೆ ಮೊದಲು. ಆಕ್ಸ್‌ಫರ್ಡ್‌ನಲ್ಲಿ ಕಾನೂನು ಕಲಿಸುತ್ತಿದ್ದ ಥಿಯೋಡರ್ ಟೈಲರ್‌ಗೆ ಕಣ್ಣು ಕಾಣುತ್ತಿದ್ದದ್ದು ತೀರಾ ಕಡಿಮೆ. ಕಣ್ಣು ಕಾಣದವರ ಬೋರ್ಡನ್ನು ನಾನು ಒಂದು ಪಂದ್ಯದಲ್ಲಿ ಪಕ್ಕದಲ್ಲೇ ನೋಡಿದ್ದೇನೆ. ಪುಟ್ಟದು. ಪ್ರತಿ ಮನೆಗೂ ಒಂದು ತೂತು, ಕಾಯಿಗಳಿಗೆ ಮೊಳೆಯಂಥ ಕಾಲು. ಕಪ್ಪು ಕಾಯಿಗಳ ತಲೆ ಮೇಲೆ ಒಂದು ಚುಚ್ಚುವ ಮೊನೆ, ಬಿಳಿಗೆ ಇಲ್ಲ. ಆಡುವವರ ಬೆರಳು ಇಡೀ ಹೊತ್ತು ಕಾಯಿಗಳ ಮೇಲೆ ಸುಳಿದಾಡುತ್ತಿರುತ್ತದೆ. ಎದುರಿನವರು ನಡೆಯನ್ನು ಬಾಯಲ್ಲಿ ಹೇಳಬೇಕು. ಆ ದಿನ ನನ್ನ ಆಟ ಬಿಟ್ಟು ಆ ಬೆರಳುಗಳನ್ನೇ ನೋಡುತ್ತಾ ಕೂತುಬಿಟ್ಟಿದ್ದೆ.

ಇನ್ನು ಸರ್ ಜಾರ್ಜ್ ಥಾಮಸ್. ಬ್ಯಾರನೆಟ್, ಅಂದರೆ ಹುಟ್ಟಿನಿಂದಲೇ ದೊಡ್ಡ ಮನೆತನ. ಲಂಡನ್ನಿನ ಚೆಸ್ ವಲಯದಲ್ಲಿ ಎಲ್ಲರೂ ಬಲ್ಲವರು, ಸಿಟಿ ಆಫ್ ಲಂಡನ್ ಕ್ಲಬ್ಬಿನ ಚಾಂಪಿಯನ್‌ಶಿಪ್ಪನ್ನು 16 ಸಲ ಗೆದ್ದವರು. ನಮ್ಮೂರಿನ ಬ್ಯಾಡ್ಮಿಂಟನ್ ಪ್ರಿಯರಿಗೆ ಇವರ ಹೆಸರು ಬೇರೆ ದಾರಿಯಲ್ಲಿ ಗೊತ್ತು. ಪ್ರಕಾಶ್ ಪಡುಕೋಣೆ 1980ರಲ್ಲಿ ಗೆದ್ದ ಆಲ್ ಇಂಗ್ಲೆಂಡ್ ಸಿಂಗಲ್ಸನ್ನು ಇವರು 1920ರಿಂದ 1923ರವರೆಗೆ ಸತತವಾಗಿ ನಾಲ್ಕು ಸಲ ಗೆದ್ದಿದ್ದರು. 1923ರಲ್ಲಿ ಅದೂ ಇವರದೇ, ಬ್ರಿಟಿಷ್ ಚೆಸ್ ಕಿರೀಟವೂ ಇವರದೇ. 2022ರಲ್ಲಿ ಭಾರತ ಗೆದ್ದ ಥಾಮಸ್ ಕಪ್ ಇವರು ಕೊಟ್ಟ ಕಪ್. ಅದೂ ತಂಡದ ಪಂದ್ಯ, ನೋಡಿ. ಮೊದಲ ಸಿಂಗಲ್ಸ್ ಗೆದ್ದರೂ ಒಂದೇ, ಕೊನೆಯ ಸಿಂಗಲ್ಸ್ ಗೆದ್ದರೂ ಒಂದೇ. ಆ ಫೈನಲ್ ನೋಡುವಾಗ ನನಗೆ ಇದು ಹೊಳೆದಿರಲಿಲ್ಲ. ಈಗ ಆ ಕಪ್ಪಿನ ಫೋಟೋ ಕಂಡಾಗಲೆಲ್ಲ ಉದ್ದ ಮೇಜು, ಎರಡು ಸಾಲು ಕುರ್ಚಿ ಕಣ್ಣಿಗೆ ಬರುತ್ತದೆ.

ಥಾಮಸ್‌ರ ಒಂದು ಸೋಲನ್ನು ಹೇಳದೆ ಮುಂದೆ ಹೋಗಲಾರೆ. 1934–35ರ ಹೇಸ್ಟಿಂಗ್ಸ್ ಟೂರ್ನಿ. ಐವತ್ಮೂರರ ವಯಸ್ಸಿನಲ್ಲಿ ಅವರು ಹಿಂದಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಸೋಲಿಸಿದರು. ಮುಂದೆ ವಿಶ್ವ ಚಾಂಪಿಯನ್ ಆದ ಬೋಟ್ವಿನ್ನಿಕ್‌ರನ್ನೂ ಸೋಲಿಸಿದರು. ಕೊನೆಯ ಸುತ್ತಿನಲ್ಲಿ ಡ್ರಾ ಮಾಡಿದರೆ ಸಾಕಿತ್ತು, ಮೊದಲ ಸ್ಥಾನ ಅವರೊಬ್ಬರದೇ. ಎದುರಿಗೆ ಕೂತವರು ಅವರ ದೇಶದವರೇ ಆದ ಮಿಚೆಲ್, ಅರವತ್ತು ದಾಟಿದವರು, ಸರ್ಕಾರಿ ನೌಕರಿಯ ಬದುಕು ಕಂಡವರು. ಮಿಚೆಲ್ ಗೆದ್ದರು. ಥಾಮಸ್ ಮೊದಲ ಸ್ಥಾನವನ್ನು ಆ ಕಾಲದ ದೊಡ್ಡ ಆಟಗಾರರಾದ ಯೂವೆ, ಫ್ಲೋರ್ ಜೊತೆ ಹಂಚಿಕೊಂಡರು. ಎಷ್ಟೋ ಶನಿವಾರ ಒಂದೇ ಲಂಡನ್ನಿನ ಕೋಣೆಗಳಲ್ಲಿ ಆಡಿ ಬೆಳೆದ ಇಬ್ಬರು ಅವರು. ಮಿಚೆಲ್ ಸುಮ್ನೆ ಡ್ರಾ ಕೊಟ್ಟುಬಿಡಬಹುದಿತ್ತು ಅಂತ ಅನ್ನಿಸಬಹುದು. ಕೊಡಲಿಲ್ಲ. ನನಗೆ ಇದು ತುಂಬಾ ದೊಡ್ಡದಾಗಿ ಕಾಣುತ್ತದೆ. ಡ್ರಾ ಸಾಕಿದ್ದ ಬೋರ್ಡಿನಲ್ಲೂ ಒಬ್ಬರು ಕೊನೆಯವರೆಗೆ ಕೂತರು.

ಮುಗಿಯದ ಆಟಗಳು

ಈಗ ಆ ‘ಅಡ್ಜ್’ಗೆ ಬರುತ್ತೇನೆ. ಅಡ್ಜುಡಿಕೇಶನ್. ಮಧ್ಯಾಹ್ನ ಕೂತ ಆಟ ಸಂಜೆ ರೈಲಿನ ಹೊತ್ತಿಗೆ ಮುಗಿಯದಿದ್ದರೆ ಏನು ಮಾಡುವುದು? ಮತ್ತೆ ಇನ್ನೊಂದು ದಿನ ಬಂದು ಮುಂದುವರಿಸಲು ಆಗುವುದಿಲ್ಲ. ಒಬ್ಬರು ಒಂದು ಊರು, ಇನ್ನೊಬ್ಬರು ಇನ್ನೊಂದು ಊರು. ಹಾಗಾಗಿ ಹೊತ್ತಾಯಿತು ಅಂದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಎರಡು ತಂಡದ ಕ್ಯಾಪ್ಟನ್ನರೂ ಮುಗಿಯದ ಬೋರ್ಡುಗಳ ಹತ್ತಿರ ಬಂದು ನಿಂತು ಮಾತಾಡಿಕೊಳ್ಳುತ್ತಾರೆ. ಇದು ನಮಗೆ ಗೆಲುವು, ಇದು ಡ್ರಾ, ಒಪ್ಪುತ್ತೀರಾ? ಒಪ್ಪಿದರೆ ಅಲ್ಲಿಗೆ ಮುಗಿಯಿತು. ಒಪ್ಪದಿದ್ದರೆ ಕಾಯಿಗಳು ಎಲ್ಲೆಲ್ಲಿವೆ, ಯಾರ ಸರದಿ ಅಂತ ಒಂದು ಹಾಳೆಯಲ್ಲಿ ಬರೆದು, ತಮ್ಮ ತಮ್ಮ ವಾದ ಸೇರಿಸಿ, ಒಬ್ಬ ಬಲವಾದ ಆಟಗಾರನಿಗೆ ಅಂಚೆಯಲ್ಲಿ ಕಳಿಸಬೇಕು. ಆತ ನೋಡಿ ತೀರ್ಪು ಬರೆಯುತ್ತಾನೆ. ಅಲ್ಲಿಯವರೆಗೆ ಪಂದ್ಯ ಗೆದ್ದವರು ಯಾರು ಅಂತ ಯಾರಿಗೂ ಗೊತ್ತಿಲ್ಲ.

ಈ ಪದ್ಧತಿಯನ್ನು ಬೈಯುವವರು ತುಂಬಾ ಜನ. ನಾನೂ ಮೊದಲು ಬೈದೆ. ಕಷ್ಟಪಟ್ಟು ಆಡಿದ್ದು ನೀವು, ಫಲ ಹೇಳುವುದು ಆ ಕೋಣೆಯಲ್ಲೇ ಇಲ್ಲದ ಮನುಷ್ಯ. ಆನೆಗಳ ಕೊನೆಯಾಟದಲ್ಲಿ ಒಂದು ಕಾಲಾಳು ಜಾಸ್ತಿ ಇದ್ದು ಅದನ್ನು ಗೆಲುವಾಗಿ ಮಾಡುವುದಕ್ಕೇ ಚೆಸ್ ಅಂತ ಹೆಸರು. ಆ ಭಾಗವನ್ನೇ ಕತ್ತರಿಸಿ ಇನ್ನೊಬ್ಬರ ಕೈಗೆ ಕೊಟ್ಟರೆ ಆಟ ಎಲ್ಲಿ ಉಳಿಯಿತು? ಈ ಮಾತು ಈಗಲೂ ಸರಿ ಅಂತಲೇ ಅನ್ನಿಸುತ್ತದೆ. ಆದರೆ ಆ ಪುಸ್ತಕದ ಪುಟ ತಿರುವುತ್ತಾ ಇನ್ನೊಂದೂ ಕಂಡಿತು. ಹದಿನಾಲ್ಕನೇ ಬೋರ್ಡಿನ ಮುಗಿಯದ ಆಟವೊಂದನ್ನು ಎರಡು ಕೌಂಟಿಯ ಜನ ಮನೆಗೆ ಒಯ್ಯುತ್ತಿದ್ದರು. ರೈಲಿನಲ್ಲಿ ಪುಟ್ಟ ಬೋರ್ಡ್ ತೆರೆದು ಒಂದನೇ ಬೋರ್ಡಿನವರೂ ಅದರ ಮೇಲೆ ಬಗ್ಗುತ್ತಿದ್ದರು. ಯಾಕೆಂದರೆ ಪಂದ್ಯ ಅಲ್ಲಿ ನಿಂತಿತ್ತು. ಆ ಗುಮಾಸ್ತನ ಕಾಲಾಳು ಎಲ್ಲರ ಕಾಲಾಳು ಆಗುತ್ತಿತ್ತು. ನಾನು ನನ್ನ ಡ್ರಾವನ್ನು ಒಬ್ಬನೇ ಆರು ವರ್ಷ ಹೊತ್ತೆ. ಅವರು ಹಾಗೆ ಒಬ್ಬರೇ ಹೊರಬೇಕಾಗಿ ಬರುತ್ತಿರಲಿಲ್ಲ.

(ಒಂದು ಮಾತು ಸೇರಿಸಬೇಕು. ಈಗಿನ ನಾಕೌಟ್ ಪಂದ್ಯಗಳಲ್ಲಿ ಎಂಟು–ಎಂಟು ಆದರೆ ಯಾವ ಯಾವ ಬೋರ್ಡಿನಲ್ಲಿ ಗೆದ್ದಿದ್ದೀರಿ ಅಂತ ಲೆಕ್ಕ ಹಾಕುತ್ತಾರೆ. ಮೇಲಿನ ಬೋರ್ಡಿಗೆ ಬೆಲೆ ಜಾಸ್ತಿ. ಹಾಗಾಗಿ ಕ್ಯಾಪ್ಟನ್ ಹೇಳಿದ ‘ಒಂದೇ ಅಳತೆ’ ಯಾವಾಗಲೂ ನಿಜವಲ್ಲ. ಆದರೂ ಮೊದಲ ಕೂಡಿಕೆಯಲ್ಲಿ ನಿಜ.)

ಮಾತು ಬೇಡದ ಮೇಜು

ಹೊರಗಿನಿಂದ ಹೋದವನಾದ್ದರಿಂದ ನನ್ನ ಕಣ್ಣು ಹೊರಗಿನಿಂದ ಬಂದವರ ಕಡೆಗೇ ಹೋಗುತ್ತದೆ. ವೆರಾ ಮೆಂಚಿಕ್ 1921ರಲ್ಲಿ ಮಾಸ್ಕೋ ಬಿಟ್ಟು ಬಂದಾಗ ಹದಿನೈದರ ಹುಡುಗಿ. ಇಂಗ್ಲಿಷ್ ಬರುತ್ತಿರಲಿಲ್ಲ. ಬಂದು ಸೇರಿದ ಊರು ಸಸೆಕ್ಸ್‌ನ ಹೇಸ್ಟಿಂಗ್ಸ್, ಅಲ್ಲೊಂದು ಒಳ್ಳೆಯ ಚೆಸ್ ಕ್ಲಬ್. ಕುದುರೆ ಎಲ್ಲಿಗೆ ಹಾರುತ್ತದೆ ಅನ್ನುವುದಕ್ಕೆ ಭಾಷೆ ಬೇಡ. 1927ರಲ್ಲಿ ಲಂಡನ್ನಿನಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದರು. ಬದುಕಿರುವವರೆಗೂ ಆ ಪಟ್ಟ ಯಾರಿಗೂ ಬಿಟ್ಟುಕೊಡಲಿಲ್ಲ. ಗಂಡಸರ ಸಾಲಿನಲ್ಲಿ ಕೂತು ಯೂವೆ, ಥಾಮಸ್, ಸುಲ್ತಾನ್ ಖಾನ್ ಎಲ್ಲರನ್ನೂ ಒಮ್ಮೆಯಾದರೂ ಸೋಲಿಸಿದರು. 1937ರಲ್ಲಿ ಮದುವೆಯಾಗಿದ್ದು ಕೆಂಟ್ ಕೌಂಟಿಯ ಚೆಸ್ಸನ್ನು ಸಂಘಟಿಸುತ್ತಿದ್ದ ಸ್ಟೀವನ್‌ಸನ್ ಅವರನ್ನು. ಅಂದರೆ ಇಂಥ ಕಾರ್ಡುಗಳನ್ನು ಬರೆಯುವ ಜನರಲ್ಲಿ ಒಬ್ಬರನ್ನು.

ಸುಲ್ತಾನ್ ಖಾನ್ 1929ರಲ್ಲಿ ಪಂಜಾಬಿನಿಂದ ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಜೊತೆ ಬಂದರು. ಅವರು ಕಲಿತಿದ್ದು ನಮ್ಮ ಅಜ್ಜಂದಿರು ಜಗಲಿಯಲ್ಲಿ ಆಡುತ್ತಿದ್ದಂಥ ದೇಶಿ ಚದುರಂಗ, ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುವ ಆಟ. ಬಂದ ಅದೇ ವರ್ಷ ಬ್ರಿಟಿಷ್ ಚಾಂಪಿಯನ್. 1932, 1933ರಲ್ಲಿ ಮತ್ತೆ. ನಾನು ಅವರ ಬಗ್ಗೆ ಯೋಚಿಸುವುದು ಕಾಪಾಬ್ಲಾಂಕಾರನ್ನು ಸೋಲಿಸಿದ್ದಕ್ಕಲ್ಲ. 1930ರ ಹ್ಯಾಂಬರ್ಗ್ ಒಲಿಂಪಿಯಾಡ್‌ಗೆ, ಅಂದರೆ ದೇಶಗಳ ತಂಡಗಳ ಚೆಸ್ ಪಂದ್ಯಾವಳಿಗೆ, ಇಂಗ್ಲೆಂಡಿನ ತಂಡ ಹೋಯಿತು. ಆ ಐದು ಹೆಸರು ಓದಿ: ಸುಲ್ತಾನ್ ಖಾನ್, ಯೇಟ್ಸ್, ಥಾಮಸ್, ವಿಂಟರ್, ಟೈಲರ್. ಪಂಜಾಬಿನ ಹಳ್ಳಿಯವರು ಒಬ್ಬರು. ಬಾಡಿಗೆ ಕೋಣೆಯ ಅಂಕಣಕಾರ ಒಬ್ಬರು. ಒಬ್ಬ ಬ್ಯಾರನೆಟ್. ಒಬ್ಬ ಕಮ್ಯುನಿಸ್ಟ್. ಕಣ್ಣು ಸರಿಯಾಗಿ ಕಾಣದ ಒಬ್ಬ ಕಾನೂನು ಮೇಷ್ಟರು. ಆ ಕಾಲದ ಇಂಗ್ಲೆಂಡಿನಲ್ಲಿ ಈ ಐವರು ಒಂದೇ ಮೇಜಿನಲ್ಲಿ ಊಟಕ್ಕೆ ಕೂರುವ ಮನೆ ಎಷ್ಟಿದ್ದವು? ಅಂಕದ ಹಾಳೆಯಲ್ಲಿ ಒಬ್ಬರ ಕೆಳಗೆ ಒಬ್ಬರು ಕೂತಿದ್ದಾರೆ. ಅದಕ್ಕೆ ಅವರನ್ನು ತಯಾರು ಮಾಡಿದ್ದು ಕ್ಲಬ್ಬು, ಕೌಂಟಿಗಳ ಅದೇ ಶನಿವಾರಗಳು ಅಂತ ನನಗೆ ಅನ್ನಿಸುತ್ತದೆ. ಎಲ್ಲ ಅಸಮಾನತೆಯೂ ಹೊರಗೆ ಹಾಗೇ ಇತ್ತು, ಗೊತ್ತು. ಸುಲ್ತಾನ್ ಖಾನ್ 1933ರ ಕೊನೆಗೆ ವಾಪಸ್ ಹೋದರು. ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಸಿಕ್ಕಿದ್ದು 2024ರಲ್ಲಿ, ತೀರಿಕೊಂಡು ಐವತ್ತೆಂಟು ವರ್ಷಕ್ಕೆ.

1939ರ ಸೆಪ್ಟೆಂಬರಿನಲ್ಲಿ ಎಲ್ಲ ನಿಂತಿತು. ಇಂಗ್ಲೆಂಡಿನ ತಂಡ ಆಗ ಒಲಿಂಪಿಯಾಡ್‌ಗೆ ಬ್ಯೂನಸ್ ಐರಿಸ್‌ನಲ್ಲಿತ್ತು. ಯುದ್ಧ ಘೋಷಣೆಯಾದ ಕೂಡಲೇ ಆಟ ಬಿಟ್ಟು ಹೊರಟಿತು. ಆ ತಂಡದ ಅಲೆಕ್ಸಾಂಡರ್, ಮಿಲ್ನರ್-ಬ್ಯಾರಿ, ಗೊಲಾಂಬೆಕ್ ಆಮೇಲೆ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಗುಪ್ತ ಸಂದೇಶ ಬಿಡಿಸಲು ಕೂತರು. ವೆರಾ ಮೆಂಚಿಕ್ 1944ರ ಜೂನಿನಲ್ಲಿ ಲಂಡನ್ನಿನ ಕ್ಲ್ಯಾಪಮ್‌ನ ಮನೆಯಲ್ಲಿ, ತಾಯಿ ಮತ್ತು ತಂಗಿಯ ಜೊತೆ, ಹಾರುವ ಬಾಂಬಿಗೆ ಬಲಿಯಾದರು. ಮೂವತ್ತೆಂಟು ವರ್ಷ. ಬೀರುವಿನ ಆ ಪುಸ್ತಕದಲ್ಲೂ 1939ರ ನಂತರ ಖಾಲಿ ಹಾಳೆಗಳು. ನಾನು ಒಂದೊಂದಾಗಿ ಎಲ್ಲ ತಿರುವಿದೆ.

ಮೂರು ಸಲ

ಊರಿಗೆ ವಾಪಸ್ ಬರುವ ಹಿಂದಿನ ವಾರ ಕ್ಲಬ್ಬಿಗೆ ಹೋಗಿದ್ದೆ. ಜನ ಕಡಿಮೆ ಇದ್ದರು. ಕಾರ್ಯದರ್ಶಿಗೆ ಆ ಡ್ರಾದ ಕತೆ ಹೇಳಿದೆ. ಹಾಕು ನೋಡೋಣ ಅಂದರು. ಕಾಯಿ ಜೋಡಿಸಿದೆ. ಇಷ್ಟು ವರ್ಷ ಅದನ್ನು ಕಂಪ್ಯೂಟರಿಗೆ ಹಾಕಿ ನೋಡಿರಲಿಲ್ಲ. ಒಂದು ಸೆಕೆಂಡಿನಲ್ಲಿ ಹೇಳಿಬಿಡುತ್ತದೆ, ಅದು ನನಗೆ ಬೇಡವಾಗಿತ್ತು. ಅವರು ಎದುರಿನ ಕಡೆ ಕೂತರು. ಆಡಿದೆವು. ಮೊದಲನೇ ಸಲ ನಾನು ಗೆದ್ದೆ. ಎರಡನೇ ಸಲ ಅವರು ಆನೆಯನ್ನು ನನ್ನ ಕಾಲಾಳಿನ ಹಿಂದೆ ತಂದು ನಿಲ್ಲಿಸಿದರು, ಎಷ್ಟು ತಿಣುಕಿದರೂ ಡ್ರಾ. ಮೂರನೇ ಸಲ ಅರ್ಧಕ್ಕೆ ಬಂದಾಗ ಹಾಲ್ ನೋಡಿಕೊಳ್ಳುವವರು ಬಂದು ಬಾಗಿಲಲ್ಲಿ ನಿಂತರು. ಹತ್ತೂವರೆ ಆಗಿತ್ತು. ಒಂದೊಂದೇ ದೀಪ ಆರಿಸತೊಡಗಿದರು.

ಕಾರ್ಯದರ್ಶಿ ಜೇಬಿನಿಂದ ಪೆನ್ಸಿಲ್ ತೆಗೆದರು. ಟೀ ಪಾಳಿಯ ಹಾಳೆಯ ಹಿಂದೆ ಕಾಯಿಗಳ ಜಾಗ ಬರೆದರು. ಯಾರ ಸರದಿ ಅಂತ ಕೇಳಿದರು. ನನ್ನದು ಅಂದೆ. ಅದನ್ನೂ ಬರೆದು, ಹಾಳೆ ಮಡಚಿ, ಆ ಹಳೇ ಪುಸ್ತಕದ ಖಾಲಿ ಪುಟಗಳ ನಡುವೆ ಇಟ್ಟು ಬೀರುವಿಗೆ ಬೀಗ ಹಾಕಿದರು.